ಟಿಕ್ ಅನ್ನುತ್ತೆ, ಸ್ಟಾರ್ಟ್ ಆಗೋಲ್ಲ!

ಕೀ ತಿರುಗಿಸಿದರೆ 'ಟಿಕ್' ಅನ್ನೋ ಸದ್ದು ಮಾತ್ರ. ಎಂಜಿನ್ ಮಾತೇ ಆಡೋಲ್ಲ. ಮೆಕ್ಯಾನಿಕ್ ಬರುವ ಮುನ್ನ ನೀವೇ ಏನೇನು ನೋಡಬಹುದು? ಯಾವುದನ್ನು ಮುಟ್ಟಲೇಬಾರದು? ಸ್ಟೇರಿಂಗ್ ಹಿಡಿಯುವ ಗೃಹಿಣಿಯರಿಗೆ ಇಲ್ಲಿದೆ ಒಂದಿಷ್ಟು ಮಾಹಿತಿ.

ಶುಕ್ರವಾರ ಬೇಗ ಎದ್ದು, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನಕ್ಕೆ ಕಾರಿನಲ್ಲಿ ಹೊರಡುವ ಕುಟುಂಬಗಳಿಗೆ ಬೆಂಗಳೂರು, ತುಮಕೂರಿನಲ್ಲಿ ಕೊರತೆಯಿಲ್ಲ. ದರ್ಶನ ಮುಗಿದ ಮೇಲೆ 'ಇಷ್ಟು ದೂರ ಬಂದಿದ್ದೀವಿ, ಸಿದ್ದರಬೆಟ್ಟಕ್ಕೂ ಹೋಗಿ ಬರೋಣ' ಅನ್ನುವುದೂ ಮಾಮೂಲು. ಬೆಟ್ಟ ಹತ್ತಿ ಇಳಿದು, ತೋವಿನಕೆರೆಯಲ್ಲಿ ಕಾಫಿ ಕುಡಿದು, ಕತ್ತಲಾಗುವ ಮುಂಚೆ ಊರು ಸೇರೋಣ ಅಂತ ಕಾರು ಹತ್ತಿ ಕೀ ತಿರುಗಿಸಿದರೆ... 'ಟಿಕ್'. ಇನ್ನೊಂದು ಸಲ ತಿರುಗಿಸಿದರೂ ಅದೇ 'ಟಿಕ್'. ಹಿಂದಿನ ಸೀಟಿನಿಂದ ಅತ್ತೆ 'ಏನಾಯ್ತಮ್ಮ?' ಅಂತಾರೆ. ಮಕ್ಕಳಿಗೆ ಹಸಿವು. ಯಜಮಾನರ ಫೋನು ನಾಟ್ ರೀಚಬಲ್. ಸುತ್ತ ನಾಲ್ಕು ಜನ ಸೇರಿ ಒಬ್ಬೊಬ್ಬರು ಒಂದೊಂದು ಸಲಹೆ ಕೊಡಲು ಶುರು ಮಾಡುತ್ತಾರೆ. 'ತಳ್ಳಿದ್ರೆ ಆಗುತ್ತೆ ಬಿಡಿ', 'ಸೆಲ್ಫ್ ಹೋಗಿದೆ ಅಕ್ಕಾ', 'ಬ್ಯಾಟರಿ ಚೇಂಜ್ ಮಾಡಿಸ್ಲೇಬೇಕು'. ಯಾರನ್ನು ನಂಬೋದು?

ಮೊದಲು ಗಾಬರಿ ಬಿಡಿ. 'ಟಿಕ್' ಅಂದಿದೆ ಅಂದರೆ ಕಾರು ಪೂರ್ತಿ ಸತ್ತಿಲ್ಲ. ಆ ಸದ್ದೇ ತೊಂದರೆ ಎಲ್ಲಿದೆ ಅನ್ನೋದನ್ನು ಅರ್ಧ ಹೇಳಿಬಿಟ್ಟಿರುತ್ತದೆ. ಕಿವಿಗೊಟ್ಟು ಕೇಳಬೇಕು ಅಷ್ಟೆ.

ಸದ್ದು ಬರೋದು ಎಲ್ಲಿಂದ?

ಹಳ್ಳಿ ಕಡೆಯ ನೆಂಟರ ಮನೆಯಲ್ಲಿ ಲೋ ವೋಲ್ಟೇಜ್ ಇದ್ದಾಗ ಫ್ರಿಡ್ಜ್ ಏನು ಮಾಡುತ್ತೆ ಅಂತ ಗಮನಿಸಿದ್ದೀರಾ? 'ಟಕ್' ಅನ್ನುತ್ತೆ, ಕಂಪ್ರೆಸರ್ ಒಂದು ಕ್ಷಣ ಗುಂಯ್ ಅನ್ನುತ್ತೆ, ಮತ್ತೆ 'ಟಕ್' ಅಂತ ನಿಂತುಬಿಡುತ್ತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ಫ್ರಿಡ್ಜ್ ಕೆಟ್ಟಿಲ್ಲ, ಕರೆಂಟು ಸಾಲುತ್ತಿಲ್ಲ. ಕಾರಿನದೂ ಹೆಚ್ಚುಕಡಿಮೆ ಇದೇ ಕತೆ.

ಕೀ ತಿರುಗಿಸಿದಾಗ ಬ್ಯಾಟರಿಯಿಂದ ಸ್ವಲ್ಪ ಕರೆಂಟು ಸೊಲೆನಾಯ್ಡ್ ಎಂಬ ಪುಟ್ಟ ಸ್ವಿಚ್ಚಿಗೆ ಹೋಗುತ್ತದೆ. ಅದು 'ಟಿಕ್' ಅಂತ ಕೂಡಿಕೊಂಡು, ದಪ್ಪ ವೈರಿನ ಮೂಲಕ ಸೆಲ್ಫ್ ಮೋಟಾರಿಗೆ ದೊಡ್ಡ ಕರೆಂಟು ಬಿಡುತ್ತದೆ. ಸೆಲ್ಫ್ ತಿರುಗಿ ಎಂಜಿನ್ನನ್ನು ತಿರುಗಿಸುತ್ತದೆ. ಸಾಮಾನ್ಯ ಪೆಟ್ರೋಲ್ ಕಾರಿನ ಸೆಲ್ಫ್ ಎಳೆಯುವುದು ಸುಮಾರು 100ರಿಂದ 200 ಆಂಪಿಯರ್. ಅಂದರೆ ನಿಮ್ಮ ಬಚ್ಚಲುಮನೆಯ ಗೀಸರ್ ತಿನ್ನುವಷ್ಟು ಶಕ್ತಿಯನ್ನು ಆ 12 ವೋಲ್ಟ್ ಬ್ಯಾಟರಿ ಒಂದೆರಡು ಸೆಕೆಂಡ್ ಕೊಡಬೇಕು. ಅಷ್ಟು ಕೊಡಲಾಗದಿದ್ದರೆ ಟಿಕ್ ಅನ್ನುವಲ್ಲಿಗೆ ಕೆಲಸ ನಿಂತುಹೋಗುತ್ತದೆ.

ಇಲ್ಲೇ ಬಹಳ ಜನ ಎಡವೋದು. 'ಲೈಟ್ ಹತ್ತುತ್ತೆ, ಹಾರ್ನ್ ಹೊಡೆಯುತ್ತೆ, ಹಾಗಾದ್ರೆ ಬ್ಯಾಟರಿ ಸರಿಯಾಗಿದೆ' ಅಂದುಕೊಳ್ಳುತ್ತಾರೆ. ಕಾರಿನೊಳಗಿನ ಪುಟ್ಟ ದೀಪಕ್ಕೆ ಐದು ವ್ಯಾಟ್ ಸಾಕು. ಸೆಲ್ಫ್‌ಗೆ ಸಾವಿರಕ್ಕೂ ಹೆಚ್ಚು ಬೇಕು. ಬರೀ ದೀಪ ನೋಡಿ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡಬೇಡಿ.

ಸದ್ದು ಕೇಳಿ, ದೀಪ ನೋಡಿ

ಎ.ಸಿ., ಸ್ಟೀರಿಯೊ, ಫೋನ್ ಚಾರ್ಜರ್ ಎಲ್ಲ ಆಫ್ ಮಾಡಿ. ಹೆಡ್‌ಲೈಟ್ ಆನ್ ಮಾಡಿ ಎದುರಿನ ಗೋಡೆಯ ಮೇಲೆ ಬೆಳಕು ಬೀಳುವುದನ್ನು ನೋಡಿ. ಈಗ ಕೀ ತಿರುಗಿಸಿ.

* ಟಿಕ್-ಟಿಕ್-ಟಿಕ್-ಟಿಕ್ ಅಂತ ಒಂದೇ ಸಮನೆ ಸದ್ದು, ದೀಪ ಮಂಕು: ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಸೊಲೆನಾಯ್ಡ್ ಕೂಡಿಕೊಳ್ಳುತ್ತೆ, ಸೆಲ್ಫ್ ಕರೆಂಟು ಎಳೆದ ಕೂಡಲೇ ವೋಲ್ಟೇಜ್ ಕುಸಿದು ಬಿಟ್ಟುಕೊಳ್ಳುತ್ತೆ, ಮತ್ತೆ ಕೂಡಿಕೊಳ್ಳುತ್ತೆ. ಅದಕ್ಕೇ ಈ ಪಟಪಟ ಸದ್ದು. ಹೆಚ್ಚಿನ ಸಲ ಆಗೋದು ಇದೇ.

* ಒಂದೇ ಸಲ ಜೋರಾಗಿ 'ಟಕ್', ದೀಪ ತೀರಾ ಮಂಕು: ಇಲ್ಲೂ ಮೊದಲು ಅನುಮಾನಪಡಬೇಕಾದ್ದು ಬ್ಯಾಟರಿ ಮತ್ತು ಟರ್ಮಿನಲ್ ಮೇಲೆಯೇ. ಅವೆರಡೂ ಸರಿ ಇದ್ದರೆ ಸೆಲ್ಫ್ ಹಿಡಿದುಕೊಂಡಿರಬಹುದು.

* ಒಂದೇ ಸಲ 'ಟಕ್', ದೀಪ ಮಾತ್ರ ಪ್ರಕಾಶಮಾನ: ಬ್ಯಾಟರಿಯ ತಪ್ಪಿರುವ ಸಾಧ್ಯತೆ ಕಡಿಮೆ. ಸೊಲೆನಾಯ್ಡ್ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು, ಸೆಲ್ಫ್ ಮೋಟಾರಿನ ಬ್ರಷ್ ಸವೆದಿರಬಹುದು. ಇದು ಮೆಕ್ಯಾನಿಕ್ ಕೆಲಸ.

* ಸದ್ದೇ ಇಲ್ಲ, ದೀಪವೂ ಇಲ್ಲ: ಟರ್ಮಿನಲ್ ಕಳಚಿದೆ, ಫ್ಯೂಸ್ ಹೋಗಿದೆ, ಇಲ್ಲವೇ ಬ್ಯಾಟರಿ ಪೂರ್ತಿ ಬರಿದಾಗಿದೆ.

* ಸದ್ದಿಲ್ಲ, ದೀಪ ಚೆನ್ನಾಗಿದೆ: ಕ್ಲಚ್ ಪೂರ್ತಿ ಒತ್ತಿದ್ದೀರಾ? ಈಗಿನ ಎಷ್ಟೋ ಕಾರುಗಳು ಕ್ಲಚ್ ಒತ್ತದೆ ಸ್ಟಾರ್ಟ್ ಆಗೋದಿಲ್ಲ. ಆಟೊಮ್ಯಾಟಿಕ್ ಆದರೆ ಗೇರ್ 'ಪಿ' ಅಥವಾ 'ಎನ್'ನಲ್ಲಿರಬೇಕು, ಬ್ರೇಕ್ ಒತ್ತಿರಬೇಕು. ಬಟನ್ ಸ್ಟಾರ್ಟ್ ಇದ್ದರೆ ಕೀ ಒಳಗಿನ ಪುಟ್ಟ ಸೆಲ್ ಮುಗಿದಿರಬಹುದು. ಅನೇಕ ಕಾರುಗಳಲ್ಲಿ ಕೀಯನ್ನು ಬಟನ್‌ಗೇ ತಾಗಿಸಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ.

* ಎಂಜಿನ್ ಗರಗರ ತಿರುಗುತ್ತೆ, ಹೊತ್ತಿಕೊಳ್ಳೋದಿಲ್ಲ: ಬ್ಯಾಟರಿ, ಸೆಲ್ಫ್ ಎರಡೂ ಸರಿ ಇವೆ. ಪೆಟ್ರೋಲ್ ಮುಳ್ಳು ನೋಡಿ. ಇದು ಬೇರೆಯೇ ಕಾಯಿಲೆ.

ಒಂದು ಮಾತು. ಟಿಕ್ ಅಂದಾಗ ಹಟಕ್ಕೆ ಬಿದ್ದು ಹತ್ತು ಹದಿನೈದು ಸಲ ಕೀ ತಿರುಗಿಸಬೇಡಿ. ಉಳಿದಿರುವ ಚೂರುಪಾರು ಚಾರ್ಜೂ ಹೋಗುತ್ತೆ, ಸೊಲೆನಾಯ್ಡ್ ಕೂಡ ಸುಡುತ್ತೆ. ಎರಡು ಸಲ ನೋಡಿ, ಸಾಕು.

ಬಾನೆಟ್ ಎತ್ತಿ, ಬಳೆ ತೆಗೆಯಿರಿ

ಕಾರು ಆಫ್ ಮಾಡಿ, ಕೀ ತೆಗೆದು, ಹ್ಯಾಂಡ್ ಬ್ರೇಕ್ ಹಾಕಿ. ಬಾನೆಟ್ ಎತ್ತುವ ಮುಂಚೆ ಕೈಗೆ ಹಾಕಿದ ಬಳೆ, ವಾಚು, ಉಂಗುರ ತೆಗೆದು ಪರ್ಸಿನಲ್ಲಿಡಿ. ಮಾಂಗಲ್ಯ ಸರವನ್ನು ರವಿಕೆಯೊಳಗೆ ಸೇರಿಸಿ, ಸೆರಗು ಅಥವಾ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ. ಇದು ಹೆದರಿಸೋ ಮಾತಲ್ಲ. ಚಿನ್ನದ ಬಳೆ ಒಂದು ಕಡೆ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಡೆ ಕಾರಿನ ಕಬ್ಬಿಣಕ್ಕೆ ತಾಗಿದರೆ ನೂರಾರು ಆಂಪಿಯರ್ ಆ ಬಳೆಯ ಮೂಲಕವೇ ಹರಿಯುತ್ತದೆ. ಕ್ಷಣದಲ್ಲಿ ಬಳೆ ಕೆಂಪಗೆ ಕಾದು ಮುಂಗೈ ಸುಡುತ್ತದೆ. 12 ವೋಲ್ಟ್ ಶಾಕ್ ಹೊಡೆಯೋಲ್ಲ ನಿಜ, ಆದರೆ ಹೀಗೆ ಸುಡುವುದು ಖಂಡಿತ.

ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿ ಬಾನೆಟ್ ಕೆಳಗೇ ಇರುತ್ತದೆ. ಮೇಲೆ ಎರಡು ಸೀಸದ ಗುಬುಟು. ಕೆಂಪು ಮುಚ್ಚಳ ಇರುವುದು ಪ್ಲಸ್, ಕಪ್ಪು ವೈರು ಇರುವುದು ಮೈನಸ್. ಎರಡು ವಿಷಯ ನೋಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿದೆಯಾ? ಒಂದೊಂದನ್ನೇ ಕೈಯಲ್ಲಿ ಹಿಡಿದು ತಿರುಚಿದರೆ ಅಲ್ಲಾಡುತ್ತಾ? ಒಂದು ಎಳೆಯಷ್ಟು ಸಡಿಲವಿದ್ದರೂ ಸಾಕು, ದೀಪ ಹತ್ತುತ್ತೆ, ಸೆಲ್ಫ್ ಹೊಡೆಯೋಲ್ಲ. ಟರ್ಮಿನಲ್ಲನ್ನು ಒತ್ತಿ ಕೂರಿಸಿ, ಹೆಚ್ಚಾಗಿ ಬೇಕಾಗುವ 10 ನಂಬರ್ ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಸ್ಪ್ಯಾನರ್ ಒಟ್ಟಿಗೇ ಪ್ಲಸ್‌ಗೂ ಬಾಡಿಗೂ ತಾಗದಂತೆ ಹುಷಾರು. ಈಗ ಕೀ ತಿರುಗಿಸಿ. ಎಷ್ಟೋ ಕಾರುಗಳು ಇಷ್ಟಕ್ಕೇ 'ಗುರ್ರ್' ಅಂದುಬಿಡುತ್ತವೆ!

ಇನ್ನೊಂದು ಕಾರಿನಿಂದ ಕಡ ಕೇಳಿ

ಟರ್ಮಿನಲ್ ಬಿಗಿಯಿದ್ದು, ಟಿಕ್-ಟಿಕ್ ನಿಲ್ಲದಿದ್ದರೆ ಬ್ಯಾಟರಿಗೆ ಬೇರೆ ಬ್ಯಾಟರಿಯ ಆಸರೆ ಬೇಕು. ಇದೇ ಜಂಪ್ ಸ್ಟಾರ್ಟ್. ಒಂದು ಕೆಂಪು, ಒಂದು ಕಪ್ಪು ಜಂಪರ್ ಕೇಬಲ್ ಇದ್ದರೆ, ಪಕ್ಕದ ಕಾರಿನವರ ಸಹಾಯ ಸಿಕ್ಕರೆ ಹತ್ತು ನಿಮಿಷದ ಕೆಲಸ. ಕಾರಿಗೆ ಕಾರು ತಾಗದಂತೆ ಹತ್ತಿರ ನಿಲ್ಲಿಸಿ, ಎರಡನ್ನೂ ಆಫ್ ಮಾಡಿ. ಕ್ರಮ ಮಾತ್ರ ತಪ್ಪಬಾರದು.

1. ಕೆಂಪು ಕೇಬಲ್‌ನ ಒಂದು ತುದಿ ನಿಮ್ಮ ಬ್ಯಾಟರಿಯ ಪ್ಲಸ್‌ಗೆ.
2. ಅದರ ಇನ್ನೊಂದು ತುದಿ ಅವರ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್‌ನ ಒಂದು ತುದಿ ಅವರ ಬ್ಯಾಟರಿಯ ಮೈನಸ್‌ಗೆ.
4. ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣ ಬಳಿಯದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ.

ಕೊನೆಯದನ್ನು ಬ್ಯಾಟರಿಗೇ ಯಾಕೆ ಸಿಕ್ಕಿಸಬಾರದು ಅಂತೀರಾ? ಆ ತುದಿ ತಾಗಿಸುವಾಗ ಸಣ್ಣ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರುತ್ತದೆ. ಗ್ಯಾಸ್ ವಾಸನೆ ಬಂದಾಗ ಅಡುಗೆಮನೆಯಲ್ಲಿ ಲೈಟರ್ ಹೊತ್ತಿಸೋದಿಲ್ಲ ಅಲ್ವಾ, ಹಾಗೇ ಇದು. ಹೈಡ್ರೋಜನ್‌ಗೆ ವಾಸನೆಯೂ ಇರೋದಿಲ್ಲ. ಸುತ್ತ ನಿಂತವರ ಕೈಯಲ್ಲಿ ಬೀಡಿ, ಸಿಗರೇಟ್ ಇದ್ದರೆ ದೂರ ಕಳಿಸಿ.

ಅವರ ಕಾರು ಸ್ಟಾರ್ಟ್ ಮಾಡಿಸಿ ಐದು ನಿಮಿಷ ಬಿಟ್ಟು ನಿಮ್ಮದನ್ನು ಸ್ಟಾರ್ಟ್ ಮಾಡಿ. ಆಮೇಲೆ ಹಾಕಿದ್ದಕ್ಕೆ ತಿರುಗುಮುರುಗಾಗಿ, ನಾಲ್ಕು, ಮೂರು, ಎರಡು, ಒಂದು ಅಂತ ಕೇಬಲ್ ಬಿಚ್ಚಿ.

ತೋವಿನಕೆರೆಯಂಥ ಊರಿನಲ್ಲಿ ಕಾರಿಗಿಂತ ಬೇಗ ಟ್ರ್ಯಾಕ್ಟರ್ ಸಿಗುತ್ತದೆ. ಸಹಾಯಕ್ಕೆ ಬರುವ ಜನರೂ ಇರುತ್ತಾರೆ. ಸಾಮಾನ್ಯವಾಗಿ ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟ್, ಆಗಬಹುದು. ಆದರೆ ದೊಡ್ಡ ಲಾರಿ, ಬಸ್ಸುಗಳಲ್ಲಿ ಬಹುಪಾಲು 24 ವೋಲ್ಟ್. ಪಾಪ, ಲಾರಿ ಡ್ರೈವರ್ ಒಳ್ಳೆ ಮನಸ್ಸಿನಿಂದಲೇ ಕೊಡೋಕೆ ಬರಬಹುದು. 'ಬೇಡಣ್ಣ' ಅಂದುಬಿಡಿ. ನಿಮ್ಮ ಕಾರಿನ ಕಂಪ್ಯೂಟರ್ ಸುಟ್ಟರೆ ಬ್ಯಾಟರಿಯ ಖರ್ಚು ಅದರ ಮುಂದೆ ಏನೂ ಅಲ್ಲ. ಬ್ಯಾಟರಿ ಒಡೆದಿದ್ದರೆ, ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಜಂಪ್ ಸ್ಟಾರ್ಟ್ ಬೇಡವೇ ಬೇಡ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನಂತೂ ಮುಟ್ಟಲೇಬೇಡಿ.

ತಳ್ಳಿದರೆ ಆಗೋಲ್ವಾ?

ಗೇರ್ ಕಾರು ಆದರೆ ಆಗಬಹುದು. ಕೀ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ. ಜನ ತಳ್ಳಿ ಕಾರು ಜೋರು ನಡಿಗೆಗಿಂತ ಸ್ವಲ್ಪ ವೇಗ ಪಡೆದಾಗ ಕ್ಲಚ್ ಬಿಟ್ಟು, ಎಂಜಿನ್ ಹೊತ್ತಿಕೊಂಡ ಕೂಡಲೇ ಮತ್ತೆ ಒತ್ತಿ. ಆದರೆ ಎಂಜಿನ್ ನಿಂತಿರುವಾಗ ಪವರ್ ಸ್ಟೇರಿಂಗ್ ಇರೋದಿಲ್ಲ, ಬ್ರೇಕ್ ಕಲ್ಲಿನಂತೆ ಗಟ್ಟಿ. ಬೆಟ್ಟದ ಇಳಿಜಾರಿನಲ್ಲಿ, ಕತ್ತಲಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಈ ಸಾಹಸ ಬೇಡ. ಆಟೊಮ್ಯಾಟಿಕ್ ಕಾರು ತಳ್ಳಿದರೆ ಸ್ಟಾರ್ಟ್ ಆಗೋದಿಲ್ಲ, ತಳ್ಳಿದವರಿಗೆ ಸುಸ್ತಾಗೋದು ಮಾತ್ರ ಲಾಭ! ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಗೇರ್ ಕಾರೂ ಆಗೋದಿಲ್ಲ. ಈಗಿನ ಕಾರುಗಳ ಕಂಪ್ಯೂಟರ್‌ಗೂ ಪೆಟ್ರೋಲ್ ಪಂಪಿಗೂ ಸ್ವಲ್ಪವಾದರೂ ಕರೆಂಟು ಬೇಕು.

ಸ್ಟಾರ್ಟ್ ಆಯ್ತು, ಮುಂದೆ?

'ಅಬ್ಬಾ' ಅಂತ ಮುಂದಿನ ಟೀ ಅಂಗಡಿಯಲ್ಲಿ ನಿಲ್ಲಿಸಿ ಆಫ್ ಮಾಡಿಬಿಡಬೇಡಿ. ಮತ್ತೆ ಅದೇ ಟಿಕ್ ಕೇಳಬೇಕಾದೀತು. ತುಮಕೂರೋ ಕೊರಟಗೆರೆಯೋ, ಬ್ಯಾಟರಿ ಅಂಗಡಿ ಇರುವ ಊರಿನವರೆಗೆ ಸೀದಾ ಓಡಿಸಿ. ಎ.ಸಿ. ಬೇಡ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಉರಿಯುತ್ತಲೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಅಂತ ಅರ್ಥ. ಆಗ ಹೊಸ ಬ್ಯಾಟರಿ ಹಾಕಿಸಿದರೂ ಸ್ವಲ್ಪ ಹೊತ್ತಿನಲ್ಲೇ ಅದೂ ಇಳಿದುಹೋಗುತ್ತದೆ.

ಇಳಿದುಹೋದ ಬ್ಯಾಟರಿ ಅರ್ಧ ಗಂಟೆ ಓಡಿಸಿದ ಮಾತ್ರಕ್ಕೆ ಪೂರ್ತಿ ತುಂಬುವುದಿಲ್ಲ. ಅಂಗಡಿಯಲ್ಲಿ ಒಂದು ರಾತ್ರಿ ಚಾರ್ಜಿಗೆ ಕೊಡುವುದು ಒಳ್ಳೆಯದು.

ಏನು ಮಾಡಿದರೂ ಸ್ಟಾರ್ಟ್ ಆಗದಿದ್ದರೆ? ಕಾರಿನ ಇನ್ಶೂರೆನ್ಸ್ ಕಾಗದದಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ನೋಡಿ, ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ, ಉದಾಹರಣೆಗೆ ತುಮಕೂರು-ಶಿರಾ ರಸ್ತೆಯಲ್ಲಿ, 1033ಕ್ಕೆ ಕರೆ ಮಾಡಬಹುದು. ಒಳರಸ್ತೆಯಲ್ಲಿ ಅದು ನೆರವಿಗೆ ಬರೋದಿಲ್ಲ. ಕತ್ತಲಾಗಿ ಅಂಜಿಕೆ ಅನ್ನಿಸಿದರೆ ಸಂಕೋಚ ಬೇಡ, 112ಕ್ಕೆ ಕರೆ ಮಾಡಿ. ಮಕ್ಕಳು, ಹಿರಿಯರನ್ನು ಜನ ಇರುವ ಅಂಗಡಿಯ ಹತ್ತಿರ ಕೂರಿಸಿ. ರಸ್ತೆಯ ಮೇಲೇ ನಿಂತಿದ್ದರೆ ಕಾರಿನ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಕೆಂಪು ತ್ರಿಕೋನ ಇಡಿ.

ಸೆಲ್ಫ್ ಬಂತು, ಸ್ಟೇರಿಂಗ್ ಕೈಗೆ ಬಂತು

ಈ ಸೆಲ್ಫ್‌ಗೂ ಹೆಂಗಸರಿಗೂ ಹಳೇ ನಂಟು. ಮೊದಮೊದಲ ಕಾರುಗಳಿಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮ ಅಂಬಾಸಿಡರ್‌ಗೂ ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡಿದ್ದನ್ನು ಹಿರಿಯರು ನೆನಪಿಸಿಕೊಳ್ಳುತ್ತಾರೆ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರಿಯೋದು. ಅಮೆರಿಕದಲ್ಲಿ ಹೆಂಗಸೊಬ್ಬರ ನಿಂತ ಕಾರಿಗೆ ಸಹಾಯ ಮಾಡಲು ಹೋದ ಬೈರನ್ ಕಾರ್ಟರ್ ಎಂಬುವರು ಹೀಗೇ ಪೆಟ್ಟು ತಿಂದು ತೀರಿಕೊಂಡರು, ಆ ನೋವಿನಿಂದಲೇ ಕ್ಯಾಡಿಲ್ಯಾಕ್ ಕಂಪನಿಯ ಮುಖ್ಯಸ್ಥರು ಬೇರೆ ದಾರಿ ಹುಡುಕಿಸಿದರು ಅನ್ನುವ ಕತೆ ಪ್ರಸಿದ್ಧ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಅದಕ್ಕೆ ಮುಂಚೆ ಹ್ಯಾಂಡಲ್ ಕಾಟವಿಲ್ಲದ ಬ್ಯಾಟರಿ ಕಾರುಗಳೇ ಹೆಂಗಸರಿಗೆ ಅಚ್ಚುಮೆಚ್ಚು. ಪೆಟ್ರೋಲ್ ಕಾರುಗಳಿಂದಲೇ ಹೆಸರಾದ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದೂ 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್! ಸೆಲ್ಫ್ ಬಂದ ಮೇಲೆ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಲು ತೋಳ್ಬಲ ಬೇಕಿಲ್ಲವಾಯಿತು.

'ಹೊಸ ಬ್ಯಾಟರಿ ಹಾಕಿಸಿ ಮೇಡಂ' ಅಂದರೆ

ನಿಜವಾಗಿ ಬೇಕೂ ಇರಬಹುದು. ನಮ್ಮ ಬಿಸಿಲಿಗೆ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಆದರೆ ಟರ್ಮಿನಲ್ ಬಿಗಿ ಮಾಡಿದರೆ ಹೋಗುವ ತೊಂದರೆಗೆ ಸಾವಿರಾರು ರೂಪಾಯಿ ಯಾಕೆ ಕಳೆಯಬೇಕು? 'ಮೀಟರ್ ಇಟ್ಟು ತೋರಿಸಿ' ಅಂತ ಕೇಳಿ. ಮೂರು ಅಂಕಿ ನೆನಪಿರಲಿ.

* ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ.
* ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ.
* ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸು ಬರಬೇಕು. 12ರಲ್ಲೇ ನಿಂತರೆ ತಪ್ಪು ಆಲ್ಟರ್ನೇಟರ್‌ದು, ಬ್ಯಾಟರಿಯದಲ್ಲ.

ಹಳೇ ಬ್ಯಾಟರಿಯ ವಾರಂಟಿ ಕಾರ್ಡು ಮುಗಿದಿದೆಯಾ ನೋಡಿ. ಹೊಸದು ಕೊಳ್ಳುವುದೇ ಆದರೆ ಹಳೆಯದಕ್ಕೆ ಎಕ್ಸ್‌ಚೇಂಜ್ ಬೆಲೆ ಕೇಳಿ. ಅದರ ಸೀಸ ಮತ್ತೆ ಬಳಕೆಗೆ ಬರುತ್ತದೆ. ಗುಜರಿಯವನಿಗೆ ಕೊಟ್ಟರೆ ಆಸಿಡ್ ಮೋರಿಗೆ ಹೋಗುವ ಭಯ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹಳೆಯದನ್ನು ಮನೆಯ ಕಸದೊಂದಿಗೆ ಸೇರಿಸಬಾರದು ಅನ್ನುತ್ತವೆ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಕಾರು ನಿಮ್ಮದಾದರೆ ಅದಕ್ಕೆಂದೇ ಇರುವ ಬ್ಯಾಟರಿಯನ್ನೇ ಹಾಕಿಸಿ, ಮಾಮೂಲಿನದು ಬೇಗ ಕೈಕೊಡುತ್ತದೆ.

ಅಡುಗೆಮನೆಯಲ್ಲೇ ಇದೆ ಮದ್ದು

ಮನೆಯ ಯುಪಿಎಸ್ ಬ್ಯಾಟರಿಗೆ ನೀರು ಹಾಕಿಸಿ ಅಭ್ಯಾಸವಿರುವ ನಿಮಗೆ ಇದು ಹೊಸದಲ್ಲ.

* ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದರೆ ನೊರೆ ಬಂದು ಪುಡಿ ಕರಗುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಒಣಬಟ್ಟೆಯಿಂದ ಒರೆಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಹಾಕಿ, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿ.
* ಆ ಪುಡಿ ಆಸಿಡ್‌ನದು. ಕೈಗೆ ಗ್ಲೌಸ್ ಇರಲಿ, ಹಳೇ ಬಟ್ಟೆ ಉಡಿ. ಒಳ್ಳೆ ಕಾಟನ್ ಸೀರೆಗೆ ತಾಗಿದರೆ ಒಂದು ಒಗೆತದಲ್ಲೇ ತೂತು! ಕಣ್ಣಿಗೆ ಸಿಡಿದರೆ ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.
* ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಲವಣ ಬ್ಯಾಟರಿಯ ತಟ್ಟೆಗಳನ್ನು ಹಾಳು ಮಾಡುತ್ತದೆ.
* ಕಾರು ನಿಂತಲ್ಲೇ ನಿಂತರೂ ಬ್ಯಾಟರಿ ಇಳಿಯುತ್ತದೆ. ಗಡಿಯಾರ, ಲಾಕ್, ಅಲಾರಂ ಸದಾ ಸ್ವಲ್ಪ ಸ್ವಲ್ಪ ತಿನ್ನುತ್ತಿರುತ್ತವೆ. ಮಕ್ಕಳ ಸ್ಕೂಲು, ತರಕಾರಿ ಮಾರ್ಕೆಟ್ಟು ಅಂತ ಎರಡು ಕಿಲೋಮೀಟರ್ ಓಡಿಸಿದರೆ ಸೆಲ್ಫ್ ತಿಂದಿದ್ದೂ ಸರಿಯಾಗಿ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸಿ.
* ಬೆಟ್ಟ ಹತ್ತಲು ಹೋಗುವಾಗ ಹೆಡ್‌ಲೈಟ್ ಆಫ್ ಆಗಿದೆಯಾ, ಡಿಕ್ಕಿ ಸರಿಯಾಗಿ ಮುಚ್ಚಿದೆಯಾ ನೋಡಿ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಎರಡು ಹಳೇ ಮಾದರಿ ಹೆಡ್‌ಲೈಟುಗಳು ಮೂರು-ನಾಲ್ಕು ಗಂಟೆಯಲ್ಲಿ ಬರಿದು ಮಾಡುತ್ತವೆ. ನೀವು ಸಿದ್ದರಬೆಟ್ಟ ಹತ್ತಿ, ಇಳಿದು, ಊಟ ಮುಗಿಸುವಷ್ಟರಲ್ಲಿ!
* ಎಂಜಿನ್ ಆಫ್ ಮಾಡಿ ಮಕ್ಕಳು ಹಾಡು ಕೇಳುತ್ತಾ ಕೂರುವುದಕ್ಕೂ ಮಿತಿ ಇರಲಿ.

ಡಿಕ್ಕಿಯಲ್ಲಿ ಇರಲಿ

ಜಂಪರ್ ಕೇಬಲ್ ಒಂದು ಜೊತೆ, 10 ನಂಬರ್ ಸ್ಪ್ಯಾನರ್, ಟಾರ್ಚು, ರಬ್ಬರ್ ಗ್ಲೌಸ್, ಕೆಂಪು ತ್ರಿಕೋನ, ಇನ್ಶೂರೆನ್ಸ್ ಮತ್ತು ಬ್ಯಾಟರಿ ವಾರಂಟಿಯ ಝೆರಾಕ್ಸ್. ಒಂದು ಹಳೇ ಚೀಲದಲ್ಲಿ ಹಿಡಿಯುವಷ್ಟು ಸಾಮಾನು. ಭಾನುವಾರ ಬಿಡುವಾದಾಗ ಮನೆ ಮುಂದೆಯೇ ಒಮ್ಮೆ ಬಾನೆಟ್ ಎತ್ತಿ, ಬ್ಯಾಟರಿ ಎಲ್ಲಿದೆ, ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಗುರುತು ಮಾಡಿಕೊಳ್ಳಿ. ಬೆಳೆದ ಮಗಳಿದ್ದರೆ ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಡ್ರೈವಿಂಗ್ ಸ್ಕೂಲಿನಲ್ಲಿ ಗೇರ್ ಹಾಕೋದು ಕಲಿಸುತ್ತಾರೆ, ಬಾನೆಟ್ ಎತ್ತೋದು ಕಲಿಸೋದು ಅಪರೂಪ. ಅದನ್ನು ಅಮ್ಮನೇ ಕಲಿಸಲಿ.